ಸಿನಿಮಾ ಮೋಡ್

ಪರದೆಯ ಮೇಲೆ ನರ್ಸ್ ಕೈ ಎತ್ತಿದಳು. ಮಂಚದ ಮೇಲಿದ್ದ ಅಕ್ಕ ಮುದುಡಿಕೊಂಡಳು.

ತಂಗಿ ಕ್ಯಾಮೆರಾದ ಗುಂಡಿ ಒತ್ತಿ ದೃಶ್ಯವನ್ನು ನಿಲ್ಲಿಸಿದಳು. "ನೋಡಿದ್ರಾ?"

ಪಕ್ಕದಲ್ಲಿ ಕೂತಿದ್ದ ಗಂಡನ ಮುಖ ಬಿಳಿಚಿಕೊಂಡಿತ್ತು. "ಅಲ್ಲಿ ಕ್ಯಾಮೆರಾ ಇಟ್ಟಿದ್ದೀನಿ ಅಂತ ಹೇಳಲೇ ಇಲ್ವಲ್ಲೇ ನೀನು?"

"ಯಾರಿಗೂ ಹೇಳಿಲ್ಲ. ಪುಸ್ತಕದ ಸಂದೀಲಿ ಇಟ್ಟಿದ್ದೆ. ಹೇಳಿದ್ರೆ ನಿಮ್ಮ ಬಾಯಿ ನಿಲ್ಲುತ್ತಾ?"

ಅಲ್ಲಿಂದ ತೆಗೆದುಕೊಂಡು ಬಂದ ಬೆರಳುದ್ದದ ಕ್ಯಾಮೆರಾ. ಧ್ವನಿ ಹಿಡಿಯುವುದಿಲ್ಲ, ಚಿತ್ರ ಮಾತ್ರ ಸ್ಫುಟ. ಕೇಬಲ್ ಸಿಕ್ಕಿಸಿದೊಡನೆ, ಎರಡು ಬೀದಿ ಆಚೆಗಿನ ಅಕ್ಕನ ಕೋಣೆ ಈ ಮನೆಯ ಟಿವಿಯಲ್ಲಿ ಗೋಡೆಯಗಲ ತೆರೆದುಕೊಂಡಿತ್ತು. ಎಡಕ್ಕೆ ಕಿಟಕಿ, ಅದರ ಬೆಳಕಿನಲ್ಲಿ ಮಂಚ. ಬಲಕ್ಕೆ ತೆರೆದ ಬಾಗಿಲು, ಅದರಾಚೆ ಬೆಳಕಿಲ್ಲದ ಪ್ಯಾಸೇಜ್. ನಡುವೆ ನರ್ಸ್.

ಅಕ್ಕ ಬಿದ್ದದ್ದು ಈ ಮನೆಯ ಮೆಟ್ಟಿಲಿನಿಂದ. "ನಿನ್ನ ಹತ್ರ ಒಂದು ವಿಷಯ ಮಾತಾಡ್ಬೇಕು, ಫೋನಲ್ಲಿ ಬೇಡ" ಎಂದು ಬಂದವಳು, ತಂಗಿ ಕೆಲಸದಿಂದ ಮರಳುವಷ್ಟರಲ್ಲಿ ಆಸ್ಪತ್ರೆಯಲ್ಲಿದ್ದಳು. ಗಂಡನೇ ಎತ್ತಿಕೊಂಡು ಓಡಿದ್ದ. ತಲೆಗೆ ಪೆಟ್ಟು. ಮಾತು ಹೋಯಿತು, ಬಲಗೈಯ ಶಕ್ತಿಯೂ ಹೋಯಿತು. ಕಳೆದ ವಾರ ಡಾಕ್ಟರು ಮಾತು ಮರಳುವ ಲಕ್ಷಣವಿದೆ ಎಂದರು. ಅಂದೇ ಅಕ್ಕ ತಂಗಿಯ ಹೆಸರಿನ ಮೊದಲಕ್ಷರವನ್ನು ಕಷ್ಟಪಟ್ಟು ಉಚ್ಚರಿಸಿದಳು. ತಂಗಿ ಅತ್ತೇಬಿಟ್ಟಳು.

ಮರುದಿನದಿಂದ ಅಕ್ಕ ಬಾಯಿ ತೆರೆಯಲಿಲ್ಲ. ಹೆಜ್ಜೆ ಸಪ್ಪಳಕ್ಕೂ ಬೆಚ್ಚುತ್ತಿದ್ದಳು. ಅದಕ್ಕೇ ಕ್ಯಾಮೆರಾ.

"ಮುಂದೆ ಓಡಿಸು," ಎಂದ ಗಂಡ. ಅವನು ಸೋಫಾದ ಅಂಚಿಗೆ ಸರಿದಿದ್ದ.

ಏಟು ಬೀಳಲಿಲ್ಲ. ನರ್ಸ್ ಒಂದು ಕೈಯಿಂದ ಅಕ್ಕನ ಭುಜವನ್ನು ಒತ್ತಿ ಹಿಡಿದಿದ್ದಳು. ಇನ್ನೊಂದು ಕೈ ಗಾಳಿಯಲ್ಲೇ ಇತ್ತು. ಆಮೇಲೆ ಅವಳ ಕತ್ತು ಬಾಗಿಲತ್ತ ಹೊರಳಿತು.

"ಯಾರಾದ್ರೂ ಬರ್ತಾರಾ ಅಂತ ನೋಡ್ತಾಳೆ, ಕಳ್ಳಿ!"

ಗಂಡನೂ ಬಾಗಿಲನ್ನೇ ನೋಡಿದ. ಕಪ್ಪು ಚೌಕಟ್ಟು, ಅಷ್ಟೇ. ಅವನು ನಿಧಾನವಾಗಿ ಸೋಫಾಕ್ಕೆ ಒರಗಿದ. "ಎಂಥ ಹೆಂಗಸು. ಪಾಪ, ನಿಮ್ಮಕ್ಕ."

"ಆ ನರ್ಸ್ ಮುಖ ಸರಿಯಾಗಿ ಕಾಣ್ತಿಲ್ಲ. ಸ್ವಲ್ಪ ಬೆಳಕು ಜಾಸ್ತಿ ಮಾಡಿ."

"ಏಯ್, ಸೆಟ್ಟಿಂಗ್ ಮುಟ್ಟಬೇಡ!" ರಿಮೋಟ್ ಅವನ ತೊಡೆಯ ಕೆಳಗೆ ಹೋಯಿತು. "ಇದು ಸಿನಿಮಾ ಮೋಡ್. ಕಪ್ಪು ಅಂದ್ರೆ ಕಪ್ಪೇ ಇರ್ಬೇಕು. ಇಷ್ಟು ಹದಕ್ಕೆ ತರೋಕೆ ಎಷ್ಟು ಭಾನುವಾರ ಹಾಳು ಮಾಡ್ಕೊಂಡಿದ್ದೀನಿ ಗೊತ್ತಾ?"

"ಗೊತ್ತು. ಮದುವೆಗೆ ನನ್ನನ್ನ ನೋಡೋಕೆ ಬಂದಾಗಲೂ ಇಷ್ಟು ಹೊತ್ತು ನೋಡಿರಲಿಲ್ಲ."

ಇಬ್ಬರೂ ನಕ್ಕರು. ಅವನು ತುಸು ಹೆಚ್ಚೇ ನಕ್ಕ.

ಸಂಜೆಯೊಳಗೆ ಅಕ್ಕನ ಮನೆಗೆ ಹೋಗಿ ನರ್ಸ್‌ಳನ್ನು ಕೆಲಸದಿಂದ ಬಿಡಿಸಿದ್ದಾಯಿತು. ಅವಳು ವಾದಿಸಲಿಲ್ಲ. ಅಕ್ಕನ ಹೊದಿಕೆ ಸರಿಮಾಡುತ್ತ ಕೇಳಿದಳು: "ನಾನು ಹೋದ್ರೆ ಇವರ ಹತ್ರ ಯಾರಿರ್ತಾರೆ ಮೇಡಂ?"

"ಹೊಸಬರು ಬರೋವರೆಗೂ ನಮ್ಮ ಯಜಮಾನ್ರು ಇರ್ತಾರೆ."

ನರ್ಸ್ ತಂಗಿಯ ಮೊಣಕೈ ಹಿಡಿದುಕೊಂಡಳು. "ಒಂದ್ನಿಮಿಷ ಆಚೆ ಬನ್ನಿ. ನೀವೊಬ್ಬರೇ."

"ಬಾಕಿ ಸಂಬಳ ತಾನೇ? ನಾನು ಕೊಡ್ತೀನಿ," ಎಂದು ಗಂಡ ಅವಳ ಚೀಲವನ್ನು ಬಾಗಿಲಾಚೆ ಇಟ್ಟ. ಅಕ್ಕ ಗೋಡೆಯತ್ತ ಮುಖ ತಿರುಗಿಸಿಕೊಂಡಳು. ಅವಳ ಎಡಗೈ ಮಾತ್ರ ತಂಗಿಯ ಸೆರಗನ್ನು ಬಿಡಲೊಲ್ಲದು.

"ನಾನೂ ಇಲ್ಲೇ ಇರ್ತೀನಿ," ಎಂದಳು ತಂಗಿ.

"ಮೊದಲು ಅವಳನ್ನ ಕಳಿಸಿದ ಏಜೆನ್ಸಿಗೆ ದೂರು ಕಳಿಸು. ನಾಳೆ ಇನ್ಯಾರ ಮನೆ ಸೇರ್ತಾಳೋ ಅವಳು. ನಾನಿಲ್ವಾ? ಹೋಗು."

ಅವಳು ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮನೆಗೆ ಬಂದಳು.

ದೂರು ಬರೆಯುವುದು ಸುಲಭವಾಯಿತು. ಜೊತೆಗೊಂದು ಚಿತ್ರ ಬೇಕಿತ್ತು. ಪರದೆಯ ಮೇಲೆ ಕೈ ಎತ್ತಿದ ಕ್ಷಣವನ್ನು ನಿಲ್ಲಿಸಿ ಫೋನಿನಲ್ಲಿ ಹಿಡಿದಳು. ನರ್ಸ್‌ಳ ಅರ್ಧ ಮುಖ ಮಸಿಯಲ್ಲಿ ಅದ್ದಿದಂತಿತ್ತು. ಇಂಥ ಚಿತ್ರವನ್ನು ಯಾರು ಒಪ್ಪುತ್ತಾರೆ?

ಅವಳ ಕೆಲಸ ಪ್ರಯೋಗಾಲಯದಲ್ಲಿ, ಸೂಕ್ಷ್ಮದರ್ಶಕದ ಮುಂದೆ. ಕಾಣದಿರುವುದೆಲ್ಲ ಇಲ್ಲದಿರುವುದಲ್ಲ, ಬೆಳಕು ಹೊಂದಿಸುವವರೆಗೆ ತೀರ್ಮಾನಕ್ಕೆ ಬರಬಾರದು ಎಂದು ಹೊಸಬರಿಗೆ ಹೇಳಿಕೊಡುವವಳು ಅವಳೇ. ಸೋಫಾದ ಮೇಲಿದ್ದ ರಿಮೋಟ್ ಎತ್ತಿಕೊಂಡು ಮೆನು ತೆರೆದಳು. ಪಿಕ್ಚರ್ ಮೋಡ್: ಸಿನಿಮಾ. ಕಾಂಟ್ರಾಸ್ಟ್ ತುದಿಯಲ್ಲಿತ್ತು. ಬ್ಲ್ಯಾಕ್ ಲೆವೆಲ್ ತಳದಲ್ಲಿತ್ತು. ಕ್ಯಾಮೆರಾ ಮಬ್ಬಿಗೂ ಕತ್ತಲಿಗೂ ನಡುವಿನ ಹತ್ತಾರು ಛಾಯೆಗಳನ್ನು ಕಳಿಸುತ್ತಿದೆ, ಟಿವಿ ಅವೆಲ್ಲವನ್ನೂ ಒಂದೇ ಕಪ್ಪಿಗೆ ಸುರಿಯುತ್ತಿದೆ. ಗಂಡನಿಗೆ ಎರಡು ದಿನ ಮುನಿಸು ಬರುತ್ತದೆ, ಬರಲಿ.

ಅವಳು ಬ್ಲ್ಯಾಕ್ ಲೆವೆಲ್ ಏರಿಸಿದಳು.

ನರ್ಸ್‌ಳ ಕೆನ್ನೆ ಕತ್ತಲಿನಿಂದ ಮೇಲೆದ್ದಿತು. ಅದರಲ್ಲಿ ಸಿಟ್ಟಿರಲಿಲ್ಲ. ಹೆದರಿಕೆ ಇತ್ತು. ಎತ್ತಿದ ಕೈಯ ಬೆರಳುಗಳು ಬಿಡಿಬಿಡಿಯಾಗಿ ಕಂಡವು. ಅಂಗೈ ಅಕ್ಕನ ಕಡೆಗಿರಲಿಲ್ಲ, ಬಾಗಿಲ ಕಡೆಗಿತ್ತು. ಬರಬೇಡ ಎನ್ನುವ ಹಾಗೆ.

ಇನ್ನೊಂದು ಹಂತ. ಬಾಗಿಲಿನ ಕಪ್ಪು ಬೂದಿಬಣ್ಣಕ್ಕೆ ತಿರುಗಿತು. ಅದರೊಳಗೆ ಪ್ಯಾಸೇಜಿನ ಗೋಡೆ ಕಂಡಿತು. ಗೋಡೆಗೆ ಒರಗಿದ ಒಂದು ಭುಜ ಕಂಡಿತು.

ಅಕ್ಕನನ್ನೇ ನೋಡುತ್ತ, ತುಟಿಯ ಮೇಲೆ ಬೆರಳಿಟ್ಟುಕೊಂಡು, ಅವಳ ಗಂಡ ನಿಂತಿದ್ದ.