ಮುಂದಕ್ಕೆ ಹಾರುವ ನಳಿಕೆ

"ಇದನ್ನ ಎಲ್ಲಿಂದ ಕದ್ದೆ?" ಇನ್‌ಸ್ಪೆಕ್ಟರ್ ಮಂಜುನಾಥಪ್ಪ ಮೂರನೆಯ ಸಲ ಕೇಳಿದರು.

"ಕದ್ದಿದ್ದಲ್ಲ ಸ್ವಾಮಿ. ನಾನೇ ಮಾಡಿದ್ದು."

ಸಾಗರದ ಠಾಣೆಯ ಮೇಜಿನ ಮೇಲೆ ಪಿಸ್ತೂಲು ಬಿದ್ದಿತ್ತು. ಅದು ೧೯೬೪. ಹೊನ್ನೆಮರಡಿನ ಸುತ್ತ ಅಣೆಕಟ್ಟಿನ ನೀರು ಏರುತ್ತಿತ್ತು. ಊರು ಮುಳುಗುವುದೆಂದು ಅಲ್ಲಿನ ಕಮ್ಮಾರ ಮಾಸ್ತಪ್ಪ ಕುಲುಮೆಯ ಸಾಮಾನನ್ನೆಲ್ಲ ಗಾಡಿಗೆ ಹೇರಿಕೊಂಡು, ಹೆಂಡತಿ ಗುತ್ಯಮ್ಮನೊಂದಿಗೆ ಹೊಸನಗರದ ಕಡೆ ಹೊರಟಿದ್ದ. ದಾರಿಯಲ್ಲಿ ಪೊಲೀಸರು ತಡೆದರು. ಇದ್ದಿಲ ಚೀಲದಲ್ಲಿ ಪಿಸ್ತೂಲು ಸಿಕ್ಕಿತು. ಚೀಲ ಬಿಚ್ಚಿದ ಕ್ಷಣವೇ ಏನು ಹೇಳಬೇಕೆಂದು ಮಾಸ್ತಪ್ಪ ನಿಶ್ಚಯಿಸಿಕೊಂಡಿದ್ದ.

ಪರವಾನಗಿಯಿಲ್ಲದ ಆಯುಧವಷ್ಟೇ ಆಗಿದ್ದರೆ ಒಂದಷ್ಟು ಕಾಲ ಜೈಲು. ಆದರೆ ಹದಿನೈದು ದಿನದ ಹಿಂದೆ, ತನ್ನ ದೇಶಕ್ಕೆ ಮರಳಿದ್ದ ವಿದೇಶಿ ಎಂಜಿನಿಯರೊಬ್ಬನ ಬಂಗಲೆಯಲ್ಲಿ ಯಾರೋ ಕಾವಲುಗಾರನನ್ನು ಕೊಂದು ಇಂಥದ್ದೇ ಪಿಸ್ತೂಲು ಕದ್ದಿದ್ದರು.

"ಇಂಥವು ಲೋಕದಲ್ಲೇ ನಾಲ್ಕೋ ಐದೋ ಇದಾವಂತೆ. ಪರೀಕ್ಷೆಗೆ ಅಂತ ಮಾಡಿ ಕೈಬಿಟ್ಟಿದ್ದು," ಎಂದರು ಇನ್‌ಸ್ಪೆಕ್ಟರು. "ಬೇರೆ ಪಿಸ್ತೂಲಲ್ಲಿ ಗುಂಡು ಹಾರಿದ್ರೆ ಮೇಲಿನ ಹೊದಿಕೆ ಹಿಂದಕ್ಕೆ ಸರಿಯುತ್ತೆ. ಇದ್ರಲ್ಲಿ ನಳಿಕೆನೇ ಮುಂದಕ್ಕೆ ಹಾರುತ್ತೆ. ಇದನ್ನ ಹಳ್ಳಿ ಕುಲುಮೇಲಿ ಮಾಡ್ತಾರೇನೋ?"

"ಆ ಸಾಹೇಬ್ರು ಹೋದ್ವರ್ಷ ರಿಪೇರಿಗೆ ಕೊಟ್ಟಿದ್ರು. ಅದ್ನ ನೋಡ್ಕಂಡು ಇನ್ನೊಂದು ಮಾಡಿದ್ದು."

"ಅಂದ್ರೆ ಆಗ್ಲೇ ಕಣ್ಣು ಹಾಕಿದ್ದೆ. ನಂಬರೂ ಉಜ್ಜಿ ಅಳಿಸಿದೀಯ."

"ನಂಬರು ಹೊಡೆದೇ ಇಲ್ಲ ಸ್ವಾಮಿ."

ಬಾಯಿ ತೆರೆದಷ್ಟೂ ಕುಣಿಕೆ ಬಿಗಿಯುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಗುತ್ಯಮ್ಮ, "ಸ್ವಾಮಿ, ನಂದೊಂದ್ ಮಾತು..." ಎಂದಳು.

"ನೀ ಸುಮ್ನಿರು," ಮಾಸ್ತಪ್ಪ ಗದರಿದ. "ಅವ್ಳು ತಿದಿ ಒತ್ತೋಳು ಸ್ವಾಮಿ. ಅವ್ಳಿಗೇನೂ ಗೊತ್ತಿಲ್ಲ."

ಮಂಜುನಾಥಪ್ಪ ಕುರ್ಚಿಗೆ ಒರಗಿದರು. "ಸರಿ. ಇದನ್ನ ಬಿಚ್ಚೋಕೆ ನಮ್ಮೋರ ಕೈಲೇ ಆಗ್ಲಿಲ್ಲ. ಮಾಡಿದೋನಿಗೆ ಬರ್ಬೇಕಲ್ಲ. ಬಿಚ್ಚು. ಕೊಲೆ ಕೇಸು ಬಿಟ್ಟುಬಿಡ್ತೀನಿ."

ಮಾಸ್ತಪ್ಪ ಕೈ ಚಾಚಿದ. ಬೆರಳು ಮೊದಲು ಮೇಜಿನ ಅಂಚಿಗೆ ತಾಗಿತು, ಆಮೇಲೆ ಪಿಸ್ತೂಲಿಗೆ. ಮುಖದ ತೀರ ಹತ್ತಿರ ತಂದು ತಿರುಗಿಸಿದ. ಒಂದು ಕಡೆ ಒತ್ತಿದ, ಇನ್ನೊಂದು ಕಡೆ ಎಳೆದ. ನಳಿಕೆ ಮಿಸುಕಲಿಲ್ಲ. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿತು. ಹತ್ತು ನಿಮಿಷ ಕಳೆಯಿತು.

"ಸಾಕು," ಎಂದರು ಇನ್‌ಸ್ಪೆಕ್ಟರು. ಪೇದೆ ಬೇಡಿ ತಂದ.

ಗುತ್ಯಮ್ಮ ಸರಸರನೆ ಒಳಗೆ ಬಂದು ಗಂಡನ ಕೈಯಿಂದ ಪಿಸ್ತೂಲು ತೆಗೆದುಕೊಂಡಳು. "ಬೇಡ ಕಣೆ," ಎಂದ ಮಾಸ್ತಪ್ಪ, ಗೋಡೆಯ ಕಡೆ ಮುಖ ಮಾಡಿ. ಪೇದೆ ಮೇಜು ಸುತ್ತಿ ಬರುವಷ್ಟರಲ್ಲಿ ನಳಿಕೆ, ಸ್ಪ್ರಿಂಗು, ಉಳಿದ ತುಣುಕುಗಳೆಲ್ಲ ಮೇಜಿನ ಮೇಲೆ ಸಾಲಾಗಿ ಕೂತಿದ್ದವು.

"ಇವ್ರಿಗೆ ಕಣ್ಣು ಕಾಣ್ದೆ ಮೂರು ವರ್ಷ ಆತು ಸ್ವಾಮಿ," ಎಂದು ಅವಳು ಬೇಡಿಗೆ ತನ್ನ ಕೈಗಳನ್ನೇ ಒಡ್ಡಿದಳು.