ಗುಂಡಣ್ಣನ ನೋವು

ಮೂರು ವರ್ಷದ ಹಿಂದೆ ಮೊಲ ಮನೆಗೆ ಬಂದ ದಿನ ತಿಪ್ಪೇಸ್ವಾಮಿ ಮಗಳು ಇಂಚರಳಿಗೆ ಮಾತು ಕೊಟ್ಟಿದ್ದ: "ನಿನ್ನ ಗುಂಡಣ್ಣಂಗೆ ಒಂಚೂರೂ ನೋವಾಗೋಕೆ ಬಿಡಲ್ಲ, ಪುಟ್ಟಿ."

ಹಾಗಾಗಿ ಮೊನ್ನೆ ಗುಂಡಣ್ಣನಿಗೆ ಬೀಜ ತೆಗೆಸಿದಾಗ, ಅದರ ನೋವನ್ನೆಲ್ಲ, ಎಲ್ಲರೂ ಮಾಡಿಸುವಂತೆ, ಡಾಕ್ಟರ ಹತ್ತಿರ ಒಂದು ಬಟ್ಟೆ ಪಟ್ಟಿಗೆ ಹಾಕಿಸಿ, ಆ ನೋವು ತನಗೇ ಬರಲೆಂದು ಮುಂಗೈಗೆ ಕಟ್ಟಿಕೊಂಡು ಬಂದ. ಈಗ ಗಾಯದ ಅರಿವೇ ಇಲ್ಲದ ಮೊಲ ಕೊತ್ತಂಬರಿ ಕಟ್ಟು ಮುಗಿಸಿ ಮನೆತುಂಬ ಕುಪ್ಪಳಿಸುತ್ತಿತ್ತು. ತಿಪ್ಪೇಸ್ವಾಮಿ ಎರಡು ದಿಂಬಿನ ಮೇಲೆ ಕಾಲಗಲಿಸಿ ಕೂತು, ಪ್ರತಿ ನೆಗೆತಕ್ಕೂ "ಅಯ್ಯಪ್ಪೋ!" ಎನ್ನುತ್ತಿದ್ದ.

"ನನ್ನ ಹೆರಿಗೆ ದಿನ ಇಂಥದೇ ಪಟ್ಟಿ ಕಟ್ಕೊಳ್ಳಿ ಅಂದ್ರೆ ಆಫೀಸಲ್ಲಿ ಮೀಟಿಂಗ್ ಅಂದಿದ್ರಲ್ಲ ರೀ!" ಎಂದಳು ಹೆಂಡತಿ ವಿಶಾಲಾಕ್ಷಿ.

"ತಡೆಯೋಕಾಗ್ತಿಲ್ಲ ಕಣೇ. ಬಿಚ್ಚಿಬಿಡ್ಲಾ?"

"ಬಿಚ್ಚಿದ್ರೆ ನೋವು ವಾಪಸ್ ಗುಂಡಣ್ಣಂಗೇ ಹೋಗುತ್ತಪ್ಪಾ," ಎಂದು ಇಂಚರ ಕಣ್ಣು ತುಂಬಿಕೊಂಡಳು.

ತಿಪ್ಪೇಸ್ವಾಮಿ ಪಟ್ಟಿಯ ಮೇಲಿಟ್ಟಿದ್ದ ಕೈ ತೆಗೆದ. ಇದನ್ನು ಮೆಚ್ಚಿತೋ ಏನೋ, ಗುಂಡಣ್ಣ ಸೋಫಾ ಹತ್ತಿ, ಅಲ್ಲಿಂದ ಹಾರಿ, ನೇರವಾಗಿ ಯಜಮಾನನ ಮಡಿಲಿಗೇ ಬಿತ್ತು.

ಕೂಗು ಕೇಳಿ ಪಕ್ಕದ ಮನೆಯವರು ಓಡಿಬಂದರು. ಗುಂಡಣ್ಣನಿಗೆ ಒಂಚೂರೂ ನೋವಾಗಲಿಲ್ಲ.