ಹೊಲದ ಮೇಲಂಚು

ಆಲ್ಪ್ಸ್ ಬೆಟ್ಟದ ನೆತ್ತಿಯಲ್ಲಿ ಗಂಡುಮಕ್ಕಳಿಬ್ಬರೂ ಅಪ್ಪನ ಚಟ್ಟವನ್ನು ಇಳಿಸಿದಾಗ, ಜಾರಿದ್ದ ಕಂಬಳಿಯನ್ನು ಸರಿಪಡಿಸಲು ಫ್ರೇನಿ ಬಗ್ಗಿದಳು. ಗಂಡನ ಕೈ ಹೊರಗೆ ಬಂದಿತ್ತು. ಬೆಟ್ಟದ ದಾರಿ ಮುಚ್ಚಿದ್ದರಿಂದ ಚಳಿಗಾಲವಿಡೀ ಹೆಣವನ್ನು ಮನೆಯ ಹಿಂದಿನ ಹಿಮದಲ್ಲಿ ಇಟ್ಟಿದ್ದರು. ಅವಳೇ ಉಜ್ಜಿ ತೊಳೆದಿದ್ದರೂ ಉಗುರಿನ ಸಂದಿಯ ಕರೀ ಮಣ್ಣು ಹೋಗಿರಲಿಲ್ಲ.

ಅದು ಅವರ ಹೊಲದ ಮಣ್ಣು. ಕಡಿದಾದ ಇಳಿಜಾರಿನಲ್ಲಿ ವರ್ಷವೆಲ್ಲ ನದಿಯ ಕಡೆಗೆ ಜಾರುತ್ತಿದ್ದ ಅದನ್ನು, ಪ್ರತಿ ವಸಂತದಲ್ಲೂ ಅವನು ಬುಟ್ಟಿಯಲ್ಲಿ ಬೆನ್ನ ಮೇಲೆ ಹೊತ್ತು ಮತ್ತೆ ಮೇಲಂಚಿಗೆ ಸುರಿಯುತ್ತಿದ್ದ. ಈ ಹೊಸ ಕಣಿವೆಗೆ ಬಂದವರು ಕಾಡು ಕಡಿದು ಮನೆ ಕಟ್ಟಿಕೊಂಡಿದ್ದರು. ಸತ್ತವರನ್ನು ಮಾತ್ರ ಬೆಟ್ಟ ದಾಟಿಸಿ ಹಳೆಯ ಊರಿನ ಇಗರ್ಜಿಗೇ ಒಯ್ಯುತ್ತಿದ್ದರು.

"ಏಳಮ್ಮ, ಕತ್ತಲಾಗೋದ್ರೊಳಗೆ ಆ ಕಡೆ ಇಳೀಬೇಕು," ಎಂದ ದೊಡ್ಡ ಮಗ ಯೋಡರ್.

"ವಾಪಸ್ ಹೋಗೋಣ. ನಮ್ಮ ಹೊಲದಲ್ಲೇ ಹೂಳೋಣ."

"ಇಷ್ಟು ದೂರ ಹೊತ್ತು ತಂದ ಮೇಲಾ? ಪಾದ್ರಿ ಇಲ್ದೆ ಹೊಲದಲ್ಲಿ ಹೂಳೋಕಾಗುತ್ತಾ?"

"ಪಾದ್ರಿಗೂ ಕಾಲಿದೆಯಲ್ಲ, ಅವರೇ ಹತ್ತಿ ಬರ್ಲಿ. ಸತ್ತವರನ್ನ ಹೊತ್ತು ಹೊತ್ತು ನಂಗೆ ಸಾಕಾಗಿದೆ ಕಣೋ."

ಚಿಕ್ಕವನು ಚಟ್ಟವನ್ನು ಬಂದ ದಾರಿಯ ಕಡೆಗೆ ತಿರುಗಿಸಿದ. ಯೋಡರ್ ನಿಟ್ಟುಸಿರು ಬಿಟ್ಟು ತನ್ನ ತುದಿಗೆ ಹೆಗಲು ಕೊಟ್ಟ. "ಹೊಲದ ಕೆಳಗಡೆನೇ ಅಗೆಯೋಣ. ಅಲ್ಲಿ ಮಣ್ಣು ಮೆತ್ತಗಿದೆ."

"ಬೇಡ, ಮೇಲಂಚಲ್ಲೇ ಅಗೀರಿ," ಎಂದಳು ಫ್ರೇನಿ, ಆ ಕೈಯನ್ನು ಕಂಬಳಿಯೊಳಗೆ ಸೇರಿಸುತ್ತ. "ನಿಮ್ಮಪ್ಪ ಮಣ್ಣಿನ ಜೊತೆ ಜಾರಿ ಕೆಳಗೆ ಬರೋ ಹೊತ್ತಿಗೆ ನಿಮ್ಮ ಮಕ್ಕಳು ಬುಟ್ಟಿ ಹೊರೋಷ್ಟು ದೊಡ್ಡವರಾಗಿರ್ತಾರೆ."